ನೆರೆಯವನ ಸರದಿ

ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಭಾನುವಾರದ ಬಲಿಪೂಜೆಯನ್ನು ತಪ್ಪಿಸುವುದೆಂದರೆ ಬರಿಯ ಆಲಸ್ಯದ ಮಾತಲ್ಲ. ತಕ್ಕ ಕಾರಣವಿಲ್ಲದೆ, ಬೇಕೆಂದೇ ತಪ್ಪಿಸಿದರೆ ಅದು ಘೋರವಾದ ಪಾಪವೆಂದೇ ಗಣನೆ. ಕಾಯಿಲೆ ಬಿದ್ದವರಿಗೂ ಎಳೆಗೂಸಿನ ಆರೈಕೆ ಹೊತ್ತವರಿಗೂ ಹಿಂದಿನಿಂದಲೂ ವಿನಾಯಿತಿಯುಂಟು. 2025ರ ಜುಲೈ 8ರಂದು ಈ ವಿನಾಯಿತಿಗೆ ಮತ್ತೊಂದು ಕಾರಣ ಕೂಡಿಕೊಂಡಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಸ್ಯಾನ್ ಬರ್ನಾರ್ಡಿನೊ ಧರ್ಮಪ್ರಾಂತ್ಯದ ಬಿಷಪ್ ಆಲ್ಬರ್ಟೊ ರೋಹಾಸ್ ಅವರು ಒಂದು ಆಜ್ಞಾಪತ್ರವನ್ನು ಹೊರಡಿಸಿದರು: ವಲಸೆ ಇಲಾಖೆಯವರು ಹಿಡಿದೊಯ್ಯುವರೆಂಬ ನಿಜವಾದ ಭಯ ಯಾರಿಗಿದೆಯೋ ಅವರು ಭಾನುವಾರ ದೇವಾಲಯಕ್ಕೆ ಬರಬೇಕೆಂಬ ಕಟ್ಟುಪಾಡಿಲ್ಲ, ಮನೆಯಲ್ಲಿಯೇ ಪ್ರಾರ್ಥಿಸಿಕೊಳ್ಳಬಹುದು. ಹದಿನೈದು ಲಕ್ಷಕ್ಕೂ ಹೆಚ್ಚು ಕ್ಯಾಥೊಲಿಕರಿರುವ ಧರ್ಮಪ್ರಾಂತ್ಯ ಅದು. ಬಿಷಪ್ಪರು ತಾವೂ ಮೆಕ್ಸಿಕೋದಲ್ಲಿ ಹುಟ್ಟಿ ಅಲ್ಲಿಗೆ ಬಂದವರೇ. ಹಿಂದಿನ ತಿಂಗಳಷ್ಟೇ ಅವರ ಆಡಳಿತಕ್ಕೆ ಸೇರಿದ ದೇವಾಲಯಗಳ ಆವರಣದಲ್ಲಿ ಅಧಿಕಾರಿಗಳು ಜನರನ್ನು ಹಿಡಿದಿದ್ದರು. ದೇವಾಲಯ, ಶಾಲೆ, ಆಸ್ಪತ್ರೆಗಳೊಳಗೆ ಇಂಥ ಬಂಧನ ಸಾಮಾನ್ಯವಾಗಿ ನಡೆಯಬಾರದೆಂದು ಸರಕಾರವೇ ಪಾಲಿಸಿಕೊಂಡು ಬಂದಿದ್ದ ನಿಯಮವನ್ನು 2025ರ ಜನವರಿಯಲ್ಲಿ ಹೊಸ ಆಡಳಿತ ತೆಗೆದುಹಾಕಿತ್ತು.

ಪತ್ರಿಕೆಗಳು ಇದನ್ನು ರಾಜಕೀಯದ ಸುದ್ದಿಯಾಗಿ ಅಚ್ಚುಮಾಡಿದವು. ಅದು ಸಹಜವೇ. ಆದರೆ ಧರ್ಮದ ನಿತ್ಯಜೀವನವನ್ನು ಕುರಿತು ಯೋಚಿಸುವವರಿಗೆ ಇದರಲ್ಲಿ ಬೇರೊಂದು ಪ್ರಶ್ನೆ ಕಾಣಿಸೀತು. ಭಯಪಟ್ಟು ಮನೆಯಲ್ಲಿ ಉಳಿದವನಿಗೆ ಪಾಪವಿಲ್ಲವೆಂದು ಬಿಷಪ್ಪರು ಹೇಳಿದರು, ಸರಿ. ಹಾಗಾದರೆ ಅವನ ಜಾಗ ಖಾಲಿ ಬಿದ್ದಿರುವ ಆ ಬೆಂಚಿನಲ್ಲಿಯೇ, ಅದರ ಪಕ್ಕದಲ್ಲಿಯೇ, ಎಂದಿನಂತೆ ಬಂದು ಕುಳಿತವನ ಗತಿಯೇನು? ಅವನು ಪೂಜೆಗೆ ಬಂದಿದ್ದಾನೆ, ಕಟ್ಟಳೆ ಮುರಿದಿಲ್ಲ. ಆದರೂ ಅವನನ್ನು ಕುರಿತು ಕೇಳಬೇಕಾದ ಮಾತೊಂದಿದೆ. ಅಮೆರಿಕದ ಕ್ರೈಸ್ತರ ನಡುವೆ ಈಚೆಗೆ ನಡೆದಿರುವ ವಾದವಿವಾದದ ತಿರುಳು ಈ ಮಾತೇ ಎಂದು ನನಗೆ ತೋರುತ್ತದೆ.

ವಿವಾದ ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ಹೇಳಬೇಕು. 2025ರ ಜನವರಿಯ ಕೊನೆಯಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಅವರು ದೂರದರ್ಶನದ ಒಂದು ಸಂದರ್ಶನದಲ್ಲಿ, ಕ್ರೈಸ್ತಧರ್ಮದ ಪ್ರೀತಿಗೊಂದು ಕ್ರಮವುಂಟೆಂದರು: ಮೊದಲು ಮನೆಯವರು, ಆಮೇಲೆ ನೆರೆಯವರು, ಆಮೇಲೆ ತನ್ನ ಊರಿನ ಸಮುದಾಯ, ಅದಾದಮೇಲೆ ದೇಶಬಾಂಧವರು, ಇಷ್ಟೆಲ್ಲ ಮುಗಿದ ಬಳಿಕ ಉಳಿದ ಜಗತ್ತು. ಎದುರು ಪಕ್ಷದವರು ಈ ಸರದಿಯನ್ನು ತಲೆಕೆಳಗು ಮಾಡಿದ್ದಾರೆಂಬುದು ಅವರ ಆಕ್ಷೇಪಣೆ. ಇದನ್ನು ಒಬ್ಬರು ಟೀಕಿಸಿದಾಗ, 'ಓರ್ದೊ ಅಮೋರಿಸ್' ಎಂಬ ಲ್ಯಾಟಿನ್ ಮಾತನ್ನು ಹುಡುಕಿ ನೋಡಿಕೊಳ್ಳಿರೆಂದು ಅವರು ಉತ್ತರ ಕೊಟ್ಟರು. ಪ್ರೀತಿಯ ಕ್ರಮ ಎಂದು ಅದರ ಅರ್ಥ. ಸಂತ ಆಗಸ್ಟೀನನ ಮಾತು. ಸುಮಾರು ಹದಿನಾರು ಶತಮಾನದ ಹಿಂದಿನ ದೇವತಾಶಾಸ್ತ್ರದ ಒಂದು ಪದವನ್ನು ಒಂದೇ ವಾರದಲ್ಲಿ ಇಡೀ ದೇಶ ಹುಡುಕಿ ಓದುವಂತಾದದ್ದು, ಕಾರಣವೇನೇ ಇರಲಿ, ನಮ್ಮಂಥ ಮೇಷ್ಟರುಗಳಿಗೆ ಸಂತೋಷ ಕೊಡುವ ಸಂಗತಿ!

ಉತ್ತರ ರೋಮಿನಿಂದಲೇ ಬಂತು. ಫೆಬ್ರವರಿ 5ರಂದು 104 ಮಂದಿ ಭಾರತೀಯರನ್ನು ಬೇಡಿ ಹಾಕಿ ಕೂರಿಸಿಕೊಂಡು ಬಂದ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿದದ್ದು ನಮ್ಮ ಓದುಗರಿಗೆ ನೆನಪಿರಬಹುದು. ಅದಾದ ಐದು ದಿನಕ್ಕೆ, ಫೆಬ್ರವರಿ 10ರಂದು, ಪೋಪ್ ಫ್ರಾನ್ಸಿಸ್ ಅವರು ಅಮೆರಿಕದ ಬಿಷಪ್ಪರುಗಳಿಗೆ ಒಂದು ಪತ್ರ ಬರೆದರು. ಅದರಲ್ಲಿ ಉಪಾಧ್ಯಕ್ಷರ ಹೆಸರಿಲ್ಲ. ಆದರೆ ಅವರಾಡಿದ ಮಾತಿಗೆ ನೇರವಾದ ಜವಾಬಿದೆ. ಕ್ರೈಸ್ತನ ಪ್ರೀತಿಯೆಂಬುದು ಕೊಳಕ್ಕೆ ಕಲ್ಲೆಸೆದಾಗ ಏಳುವ ಬಳೆಗಳ ಹಾಗೆ ತನ್ನಿಂದ ಹೊರಟು ಸ್ವಲ್ಪಸ್ವಲ್ಪವೇ ದೂರಕ್ಕೆ ಹರಡುವ ಸ್ವಹಿತವಲ್ಲ; ನಿಜವಾದ ಕ್ರಮ ತಿಳಿಯಬೇಕಾದರೆ ಸಮಾರ್ಯದವನ ಕಥೆಯನ್ನು ಮನನ ಮಾಡಬೇಕು – ಇದು ಅವರ ಅಭಿಪ್ರಾಯದ ಸಾರ. ಕೊಳದ ಹೋಲಿಕೆ ನನ್ನದು. ಆ ಪತ್ರಕ್ಕೂ ಒಂದು ವಾರ ಮೊದಲು ರಾಬರ್ಟ್ ಪ್ರಿವೋಸ್ಟ್ ಎಂಬ ಕಾರ್ಡಿನಲ್ಲರ ಖಾತೆಯಲ್ಲಿ ಉಪಾಧ್ಯಕ್ಷರ ಮಾತನ್ನು ಅಲ್ಲಗಳೆಯುವ ಲೇಖನವೊಂದು ಹಂಚಿಕೆಯಾಗಿತ್ತು. ಫ್ರಾನ್ಸಿಸ್ ಅವರು ಏಪ್ರಿಲ್ 21ರಂದು ತೀರಿಕೊಂಡರು. ಮೇ 8ರಂದು ಅದೇ ಪ್ರಿವೋಸ್ಟ್ ಅವರು ಹದಿನಾಲ್ಕನೆಯ ಲಿಯೋ ಎಂಬ ಹೆಸರಿನಿಂದ ಪೋಪ್ ಆದರು. ಅವರು ಆಗಸ್ಟೀನನ ಹೆಸರಿನ ಸನ್ಯಾಸಿ ಪಂಥಕ್ಕೆ ಸೇರಿದವರು. ವ್ಯಾನ್ಸ್ ಅವರು 2019ರಲ್ಲಿ ಕ್ಯಾಥೊಲಿಕರಾದಾಗ ತಮ್ಮ ಪೋಷಕ ಸಂತನನ್ನಾಗಿ ಆರಿಸಿಕೊಂಡದ್ದೂ ಆಗಸ್ಟೀನನನ್ನೇ. ಹೀಗೆ ಒಬ್ಬ ಗುರುವಿನ ಇಬ್ಬರು ಶಿಷ್ಯರು ಎದುರುಬದುರಾಗಿ ನಿಂತಂತಾಯಿತು. ಗುರು ಏನು ಹೇಳಿದ್ದಾನೆಂದು ನೋಡುವುದು ಈಗ ಅನಿವಾರ್ಯ.

ಪ್ರೀತಿಗೆ ಕ್ರಮವಿದೆಯೆಂದು ಆಗಸ್ಟೀನ್ ಹೇಳಿರುವುದು ನಿಜ. ಆ ಕ್ರಮವೇ ಸದ್ಗುಣವೆಂದೂ ಹೇಳಿದ್ದಾನೆ. ಈ ಅಂಶದಲ್ಲಿ ಉಪಾಧ್ಯಕ್ಷರನ್ನು ಗೇಲಿ ಮಾಡಿದವರು ತಾವೇ ಅವಸರಪಟ್ಟರು. ಮಗು ಹಸಿದಿರುವಾಗ ದೂರದೇಶದ ಅನಾಥಾಲಯಕ್ಕೆ ಹಣ ಕಳಿಸುವ ತಂದೆಯನ್ನು ಯಾವ ಧರ್ಮವೂ ಹೊಗಳುವುದಿಲ್ಲ. ಆದರೆ ಹತ್ತಿರದವರಿಗೆ ಮೊದಲ ಪಾಲು ಏಕೆಂಬುದಕ್ಕೆ ಆಗಸ್ಟೀನ್ ಕೊಡುವ ಕಾರಣವನ್ನು ಗಮನಿಸಬೇಕು. ಕ್ರೈಸ್ತ ಬೋಧನೆಯನ್ನು ಕುರಿತ ತನ್ನ ಗ್ರಂಥದ ಮೊದಲ ಭಾಗದಲ್ಲಿ ಅವನು ಹೀಗೆ ವಾದಿಸುತ್ತಾನೆ: ಎಲ್ಲರನ್ನೂ ಸಮನಾಗಿಯೇ ಪ್ರೀತಿಸಬೇಕು, ಆದರೆ ಎಲ್ಲರಿಗೂ ಉಪಕಾರ ಮಾಡುವ ಶಕ್ತಿ ಒಬ್ಬನಿಗಿಲ್ಲ, ಆದುದರಿಂದ ದೇಶಕಾಲಗಳ ಯೋಗದಿಂದ ಯಾರು ನಿನ್ನ ಹತ್ತಿರಕ್ಕೆ ಬಂದಿದ್ದಾರೋ ಅವರನ್ನು ಮೊದಲು ನೋಡು. ಇದಕ್ಕೆ ಅವನು ಕೊಡುವ ದೃಷ್ಟಾಂತ ಸೊಗಸಾಗಿದೆ. ನಿನ್ನಲ್ಲಿ ಒಬ್ಬನಿಗೆ ಕೊಡುವಷ್ಟೇ ಇದೆ. ಸಮಾನವಾದ ಕಷ್ಟವುಳ್ಳ ಇಬ್ಬರು ಬಂದು ನಿಂತಿದ್ದಾರೆ. ಆಗ ಚೀಟಿಯೆತ್ತುವುದಲ್ಲದೆ ಬೇರೆ ದಾರಿಯೇನು? ಹಾಗೆಯೇ ಹತ್ತಿರದವನನ್ನು, ನಿನ್ನ ಹೆಸರಿಗೆ ಚೀಟಿಯಲ್ಲಿ ಬಂದವನೆಂದು ಎಣಿಸು.

ಈ ಚೀಟಿಯ ಮಾತಿನಲ್ಲಿ ಬಹಳ ಅರ್ಥವಿದೆ. ಹತ್ತಿರದವನು ಹೆಚ್ಚು ಯೋಗ್ಯನೆಂದು ಮೊದಲ ಪಾಲು ಪಡೆಯುವುದಿಲ್ಲ. ನನ್ನ ರಕ್ತದವನು, ನನ್ನ ಬಣ್ಣದವನು, ನನ್ನ ರಹದಾರಿ ಹೊಂದಿದವನು ಎಂಬ ಕಾರಣವೂ ಅಲ್ಲಿಲ್ಲ. ಅವನು ನನ್ನ ದಾರಿಯಲ್ಲಿ ಸಿಕ್ಕಿದ, ಅಷ್ಟೆ. ಹಾಗಿದ್ದರೆ ಸ್ಯಾನ್ ಬರ್ನಾರ್ಡಿನೊದ ಬೆಂಚಿನ ಮೇಲೆ ಇಪ್ಪತ್ತು ವರ್ಷದಿಂದ ಪಕ್ಕದಲ್ಲಿ ಕುಳಿತ ತೋಟದ ಕೂಲಿಯವನು ಯಾವ ಬಳೆಯಲ್ಲಿದ್ದಾನೆ? ಕಾಗದಪತ್ರ ನೋಡಿದರೆ ಅವನು ಕಟ್ಟಕಡೆಯ ಬಳೆಯವನು, ಉಳಿದ ಜಗತ್ತಿಗೆ ಸೇರಿದವನು. ಆಗಸ್ಟೀನನ ಲೆಕ್ಕದಲ್ಲಿ ಅವನು ಮೊಳದಳತೆಯಲ್ಲಿದ್ದಾನೆ. ಪ್ರೀತಿಗೆ ಕ್ರಮವಿದೆಯೆ ಎಂಬುದು ಇಲ್ಲಿ ವಿವಾದವೇ ಅಲ್ಲ. ದೂರವನ್ನು ಯಾವ ಕೋಲಿನಿಂದ ಅಳೆಯಬೇಕೆಂಬುದು ವಿವಾದ.

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಈ ಸರದಿಯನ್ನು ಇನ್ನೂ ಬಿಗಿಯಾಗಿ ಶಾಸ್ತ್ರೀಕರಿಸಿದವನು. ತಂದೆ, ತಾಯಿ, ಮಕ್ಕಳು, ಬಂಧುಗಳು, ಸಹಪ್ರಜೆಗಳು – ಯಾರಿಗೆ ಯಾವ ವಿಷಯದಲ್ಲಿ ಎಷ್ಟು ಸಲ್ಲಬೇಕೆಂದು ತಾಳ್ಮೆಯಿಂದ ವಿಂಗಡಿಸುತ್ತಾನೆ. ಆದರೆ ಅದೇ ಗ್ರಂಥದಲ್ಲಿ ಅವನೇ ಒಂದು ಬಾಗಿಲನ್ನು ತೆರೆದಿಟ್ಟಿದ್ದಾನೆ: ಅಂಥ ಕಷ್ಟವೇನೂ ಇಲ್ಲದ ಸ್ವಂತ ತಂದೆಗಿಂತ ಪ್ರಾಣಸಂಕಟದಲ್ಲಿರುವ ಪರಕೀಯನಿಗೆ ಮೊದಲು ನೆರವಾಗಬೇಕಾದ ಸಂದರ್ಭವುಂಟು. ಎಲ್ಲ ಸಂದರ್ಭಕ್ಕೂ ಒಂದೇ ಸೂತ್ರ ಹೇಳಲಾಗದು, ವಿವೇಕಿಯಾದವನು ನೋಡಿ ನಿರ್ಣಯಿಸಬೇಕು ಎಂದೂ ಸೇರಿಸುತ್ತಾನೆ. ಸಂದರ್ಶನದ ಅರ್ಧ ನಿಮಿಷದಲ್ಲಿ ಇಷ್ಟನ್ನೂ ಹೇಳಲು ಬಿಡುವೆಲ್ಲಿ?

ಆಗಸ್ಟೀನನು ಇದನ್ನೆಲ್ಲ ನೆಮ್ಮದಿಯ ಕಾಲದಲ್ಲಿ ಕುಳಿತು ಬರೆದವನೆಂದು ಯಾರೂ ತಿಳಿಯಬಾರದು. ಉತ್ತರ ಆಫ್ರಿಕದ ಹಿಪ್ಪೊ ಎಂಬ ರೇವುಪಟ್ಟಣದ ಬಿಷಪ್ ಅವನು. 410ರಲ್ಲಿ ರೋಮ್ ಸೂರೆಯಾದಾಗ ನಿರಾಶ್ರಿತರು ಕಡಲು ದಾಟಿ ಆಫ್ರಿಕಕ್ಕೆ ಬಂದಿಳಿದರು. ಇಂದಿನ ವಲಸೆಯ ದಿಕ್ಕು ಅಂದು ತಿರುಗುಮುರುಗಾಗಿತ್ತು! ಅವನ ಪತ್ರಗಳ ಒಂದು ಕಂತೆ ಇಪ್ಪತ್ತನೆಯ ಶತಮಾನದ ಕೊನೆಯ ಪಾದದಲ್ಲಿ ಹೊಸದಾಗಿ ಬೆಳಕಿಗೆ ಬಂದು 1981ರಲ್ಲಿ ಅಚ್ಚಾಯಿತು. ಅದರಲ್ಲಿನ ಒಂದು ಪತ್ರ ಓದಿದವರು ಮರೆಯುವಂಥದಲ್ಲ. ಒಳನಾಡಿನ ಹಳ್ಳಿಗಳಿಂದ ಜನರನ್ನು ಹಿಡಿದು ತಂದು ಹಡಗಿಗೆ ತುಂಬಿ ಗುಲಾಮರನ್ನಾಗಿ ಮಾರುವ ವ್ಯಾಪಾರಿಗಳು ಹಿಪ್ಪೊದಲ್ಲಿ ಬೀಡುಬಿಟ್ಟಿದ್ದರು. ಬಿಷಪ್ ಊರಲ್ಲಿಲ್ಲದ ಸಮಯ. ಅವನ ಸಭೆಯ ಸಾಮಾನ್ಯ ಜನ ಸುದ್ದಿ ತಿಳಿದು ತಾವಾಗಿಯೇ ಹೋಗಿ ಸುಮಾರು 120 ಮಂದಿಯನ್ನು ಬಿಡಿಸಿ ತಂದರು. ವ್ಯಾಪಾರಿಗಳ ಬೆನ್ನಿಗೆ ದೊಡ್ಡವರ ಬೆಂಬಲವಿತ್ತು. ಸರಕನ್ನು ಮರಳಿ ಪಡೆಯಲು ಅವರು ಪ್ರಯತ್ನ ನಡೆಸಿದ್ದರು. ಆಗಸ್ಟೀನ್ ಇಟಲಿಯಲ್ಲಿದ್ದ ತನ್ನ ಸ್ನೇಹಿತನಿಗೆ ಬರೆದು, ಇರುವ ಕಾನೂನನ್ನು ಅರಮನೆಯವರು ಜಾರಿಗೆ ತರುವಂತೆ ಮಾಡೆಂದು ಕೇಳಿಕೊಳ್ಳುತ್ತಾನೆ. ಪ್ರೀತಿಯ ಕ್ರಮವನ್ನು ಕುರಿತು ಬರೆದವನ ಸಭೆ ಅದನ್ನು ಅರ್ಥಮಾಡಿಕೊಂಡ ರೀತಿ ಹೀಗಿತ್ತು.

ಇನ್ನು ಸಮಾರ್ಯದವನ ಕಥೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಬರುವ ಇದು ನಮ್ಮಲ್ಲಿ ಶಾಲಾಪಠ್ಯಗಳ ಮೂಲಕವೂ ಪರಿಚಿತವಾದದ್ದೇ. ಜೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದ ಒಬ್ಬ. ಕಂಡೂ ಆಚೆಯ ಬದಿಯಿಂದ ಹಾದುಹೋದ ಒಬ್ಬ ಯಾಜಕ, ಒಬ್ಬ ಲೇವಿಯ. ನಿಂತು ಗಾಯ ಕಟ್ಟಿ ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಹಳೆಯ ಹಗೆ. ಈ ಕಥೆಗೆ ನಿಮಿತ್ತವಾದದ್ದು ಒಬ್ಬ ಧರ್ಮಶಾಸ್ತ್ರಿಯ ಪ್ರಶ್ನೆ: ನನ್ನ ನೆರೆಯವನು ಯಾರು? ಎಲ್ಲಿಯವರೆಗೆ ಪ್ರೀತಿಸಿದರೆ ಸಾಕು, ಎಲ್ಲಿ ನಿಲ್ಲಿಸಬಹುದು ಎಂದು ಅವನು ಗಡಿ ಕೇಳುತ್ತಿದ್ದಾನೆ. ಕಥೆ ಮುಗಿಸಿದ ಯೇಸು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಪ್ರಶ್ನೆಯನ್ನೇ ಬದಲಿಸುತ್ತಾನೆ. ಬಿದ್ದವನಿಗೆ ಆ ಮೂವರಲ್ಲಿ ನೆರೆಯವನಾದವನು ಯಾರು? ಮೂಲ ಗ್ರೀಕಿನಲ್ಲಿಯೂ ಇಲ್ಲಿ 'ಆಗು' ಎಂಬ ಅರ್ಥದ ಕ್ರಿಯಾಪದವಿದೆ. ನೆರೆಯವನು ಮೊದಲೇ ಎಲ್ಲಿಯೋ ಇರುವವನಲ್ಲ, ನಿಂತವನು ನೆರೆಯವನಾಗುತ್ತಾನೆ.

ಕನ್ನಡ ಬೈಬಲ್ಲಿನ ಅನುವಾದಕರು ಇಲ್ಲಿ 'ನೆರೆಯವನು' ಎಂಬ ಮಾತನ್ನೇ ಬಳಸಿದ್ದು ಒಂದು ಸುಯೋಗ. ನಮ್ಮಲ್ಲಿ ನೆರೆ ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ನೆರೆಹೊರೆ ಎಂದಾಗ ಅದು ಸಾಮೀಪ್ಯ. ಜನ ನೆರೆದರು ಎಂದಾಗ ಕೂಡಿಬರುವುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ಮಹಾಕೋಶದಲ್ಲಿ ಕಿಟ್ಟೆಲ್ ಪಾದ್ರಿ ಶ್ರಮವಹಿಸಿ ಕೂಡಿಟ್ಟ ಇಂಥ ಪದಗಳ ಮುಂದೆ ನಿಂತಾಗ, ಧರ್ಮಶಾಸ್ತ್ರಿ ಕೇಳಿದ್ದು ನಾಮಪದವನ್ನು, ಉತ್ತರ ಬಂದದ್ದು ಕ್ರಿಯಾಪದದಲ್ಲಿ ಎಂದು ವ್ಯಾಕರಣದ ಪಾಠ ಮಾಡುವ ನನ್ನಂಥವನಿಗೆ ತೋರಿದರೆ ಓದುಗರು ಮನ್ನಿಸಬೇಕು.

ಕಥೆಯಲ್ಲಿ ಪಾಪ ಮಾಡಿದವರು ಯಾರು? ಕಳ್ಳರು ಸರಿಯೆ. ಆದರೆ ಕಥೆ ಅವರ ಮೇಲೆ ಒಂದು ವಾಕ್ಯಕ್ಕಿಂತ ಹೆಚ್ಚು ಖರ್ಚು ಮಾಡುವುದಿಲ್ಲ. ಅದರ ಕಣ್ಣಿರುವುದು ಹಾದುಹೋದವರ ಮೇಲೆ. ಅವರು ಯಾರನ್ನೂ ಹೊಡೆಯಲಿಲ್ಲ, ಕದಿಯಲಿಲ್ಲ, ಸುಳ್ಳಾಡಲಿಲ್ಲ. ಹೆಣವೆಂದು ಭಾವಿಸಿ ಮೈಲಿಗೆಗೆ ಹೆದರಿರಬಹುದೆಂದು ವ್ಯಾಖ್ಯಾನಕಾರರು ಅವರಿಗೆ ಒಂದು ಸಬೂಬು ಹುಡುಕಿಕೊಟ್ಟಿದ್ದಾರೆ. ಲೂಕನು ಅಷ್ಟನ್ನೂ ಕೊಟ್ಟಿಲ್ಲ. ಪಾಪಕ್ಕೆ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಬರುವ 'ಹಮಾರ್ತಿಯ' ಎಂಬ ಪದದ ಮೂಲಾರ್ಥ ಗುರಿ ತಪ್ಪುವುದು ಎಂದು. ಬಾಣ ಬಿಡದೆಯೇ ಗುರಿ ತಪ್ಪಬಹುದೆಂಬುದು ಈ ಕಥೆಯ ವಿಶೇಷ. ಕ್ಯಾಥೊಲಿಕರ ಪೂಜೆಯ ಆರಂಭದಲ್ಲಿ ಸಭೆಯೆಲ್ಲ ಒಟ್ಟಾಗಿ ಹೇಳುವ ಪಾಪನಿವೇದನೆಯಲ್ಲಿ ಹಿಂದೆ ಮನಸ್ಸು, ಮಾತು, ಕೃತಿಗಳ ಪಾಪ ಮಾತ್ರ ಇತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1970ರಲ್ಲಿ ಪ್ರಕಟವಾದ ಪೂಜಾಗ್ರಂಥದಲ್ಲಿ, ಮಾಡಬೇಕಾದುದನ್ನು ಮಾಡದೆ ಬಿಟ್ಟ ಪಾಪವೂ ಸೇರಿತು. ಅಂದಿನಿಂದ ಪ್ರತಿ ಭಾನುವಾರವೂ ಆ ಬೆಂಚಿನವನು ಎದೆ ತಟ್ಟಿಕೊಂಡು ಇದನ್ನು ಹೇಳುತ್ತಾನೆ. ಹೇಳುವಾಗ ಪಕ್ಕದ ಜಾಗ ಖಾಲಿಯಿದೆ.

ಇಲ್ಲಿ ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಸಮಾರ್ಯದವನು ಖರ್ಚು ಮಾಡಿದ್ದು ತನ್ನ ಹಣವನ್ನು. ಸರಕಾರ ಖರ್ಚು ಮಾಡುವುದು ಪ್ರಜೆಗಳ ಹಣವನ್ನು. ಅವನ ಮುಂದಿದ್ದವನು ಒಬ್ಬ. ಗಡಿಯಲ್ಲಿ ನಿಂತವರು ಲಕ್ಷಾಂತರ. ದೇಶವೆಂದ ಮೇಲೆ ಕಾನೂನು ಬೇಡವೆ? ಈ ವಾದಕ್ಕೆ ತೂಕವಿದೆ. ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವೇ ಅದನ್ನು ಒಪ್ಪಿದೆ. ಸಿರಿವಂತ ದೇಶಗಳು ತಮ್ಮ ಶಕ್ತಿಯಿರುವಷ್ಟು ಮಟ್ಟಿಗೆ, ಬದುಕು ಅರಸಿ ಬಂದ ಪರದೇಶಿಯನ್ನು ಬರಮಾಡಿಕೊಳ್ಳಲು ಬದ್ಧವೆಂದೂ, ಸಾರ್ವಜನಿಕ ಹಿತಕ್ಕಾಗಿ ಅದಕ್ಕೆ ಷರತ್ತು ವಿಧಿಸಬಹುದೆಂದೂ, ಬಂದವನು ಆ ದೇಶದ ಕಾನೂನಿಗೆ ತಲೆಬಾಗಬೇಕೆಂದೂ ಒಂದೇ ಪರಿಚ್ಛೇದದಲ್ಲಿ ಅದು ಹೇಳುತ್ತದೆ. ಫ್ರಾನ್ಸಿಸ್ ಅವರ ಪತ್ರವೂ ಅಪರಾಧಿಗಳಿಂದ ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ದೇಶಕ್ಕುಂಟೆಂದು ಒಪ್ಪಿಕೊಂಡೇ ಮುಂದುವರಿಯುತ್ತದೆ. ಆದರೆ ಷರತ್ತು ಹಾಕುವುದು ಬೇರೆ, ಮನುಷ್ಯನನ್ನು ಸರಪಳಿಯಲ್ಲಿ ಬಿಗಿದು ಅದನ್ನು ಚಿತ್ರ ತೆಗೆದು ಊರಿಗೆಲ್ಲ ತೋರಿಸುವುದು ಬೇರೆ. ಮೊದಲನೆಯದಕ್ಕೆ ಆಧಾರವಾಗಿರುವ ಶಾಸ್ತ್ರವಾಕ್ಯವನ್ನು ಎರಡನೆಯದಕ್ಕೆ ಹೊದಿಸುವುದು ನನ್ನ ಮಟ್ಟಿಗೆ ಅಪ್ರಾಮಾಣಿಕತೆ.

ಇದಕ್ಕಿಂತಲೂ ವಿಚಿತ್ರವಾದ ಬೆಳವಣಿಗೆಯೊಂದು ಪ್ರಾಟೆಸ್ಟೆಂಟರ ಕಡೆ ಕಾಣಿಸಿತು. 2025ರ ಜನವರಿ 21ರಂದು ವಾಷಿಂಗ್ಟನ್ನಿನ ಕೆಥೆಡ್ರಲ್ಲಿನಲ್ಲಿ ಬಿಷಪ್ ಮರಿಯನ್ ಬಡ್ಡಿ ಅವರು ಎದುರಿಗೇ ಕುಳಿತಿದ್ದ ಅಧ್ಯಕ್ಷರನ್ನು ಉದ್ದೇಶಿಸಿ, ಭಯದಲ್ಲಿರುವವರ ಮೇಲೆ ದಯೆ ತೋರಬೇಕೆಂದು ಪ್ರಾರ್ಥಿಸಿದರು. ಅದನ್ನು ಖಂಡಿಸಿದವರಲ್ಲಿ ಕೆಲವರು ಪರರ ಸಂಕಟದಲ್ಲಿ ಹೀಗೆ ಮುಳುಗುವುದೇ ಪಾಪವೆಂದರು. ಅದೇ ವರ್ಷ ಜೋ ರಿಗ್ನಿ ಎಂಬ ಪಾದ್ರಿಯೊಬ್ಬರ ಪುಸ್ತಕವೂ ಬಂತು. ಸಹಾನುಭೂತಿಯ ಪಾಪ ಎಂಬುದೇ ಅದರ ಹೆಸರು. ಅವರ ವಾದವನ್ನು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಹುರುಳೇ ಇಲ್ಲವೆನ್ನಲಾರೆ. ಕೆಸರಿನಲ್ಲಿ ಹೂತುಹೋಗುತ್ತಿರುವವನನ್ನು ಎತ್ತಲು ಗಟ್ಟಿನೆಲದಲ್ಲಿ ಒಂದು ಕಾಲು ಊರಿರಬೇಕು. ಎರಡು ಕಾಲನ್ನೂ ಇಟ್ಟರೆ ಇಬ್ಬರೂ ಮುಳುಗುತ್ತಾರೆ. ಮಕ್ಕಳನ್ನು ಬೆಳೆಸಿದವರಿಗೆ, ಪಾಠ ಹೇಳಿದವರಿಗೆ ಇದು ಗೊತ್ತಿರುವ ವಿಷಯವೇ. ಆದರೆ ಕಾಲು ಗಟ್ಟಿನೆಲದಲ್ಲಿದೆಯೆ ಎಂದು ನೋಡಿಕೊಳ್ಳುವುದರಲ್ಲಿಯೇ ಹೊತ್ತು ಕಳೆದು, ಕೈ ಚಾಚುವುದನ್ನೇ ಮರೆತ ಮೇಲೆ ಆ ಎಚ್ಚರಿಕೆಯಿಂದ ಯಾರಿಗೆ ಪ್ರಯೋಜನ? ಯಾಜಕನೂ ಲೇವಿಯನೂ ಮೈ ಕೆಸರಾಗದೆ ಊರು ಸೇರಿದರು.

ಧರ್ಮಪೀಠದವರ ಕಷ್ಟವೂ ಸಣ್ಣದಲ್ಲ. 2024ರ ಚುನಾವಣೆಯಲ್ಲಿ ಅಮೆರಿಕದ ಕ್ಯಾಥೊಲಿಕ್ ಮತದಾರರಲ್ಲಿ ಹೆಚ್ಚಿನವರು ಗೆದ್ದ ಪಕ್ಷಕ್ಕೇ ಮತ ಹಾಕಿದ್ದರು. ಗರ್ಭಪಾತವನ್ನು ಪಾಪವೆಂದು ವಿರೋಧಿಸುವ ಪಕ್ಷ ಅದು ಎಂಬುದು ಅವರಲ್ಲಿ ಅನೇಕರಿಗೆ ಮುಖ್ಯ ಕಾರಣ. ಹೀಗೆ ಒಬ್ಬನಿಗೆ ಒಂದು ಪಾಪ ಕಣ್ಣಿಗೆ ಕಟ್ಟುತ್ತದೆ, ಮತ್ತೊಬ್ಬನಿಗೆ ಮತ್ತೊಂದು. 2025ರ ಸೆಪ್ಟೆಂಬರ್ 30ರಂದು ಪತ್ರಕರ್ತರು ಕೇಳಿದಾಗ ಪೋಪ್ ಲಿಯೋ ಅವರು, ಗರ್ಭಪಾತ ಬೇಡವೆನ್ನುತ್ತ ಮರಣದಂಡನೆಯನ್ನು ಬೆಂಬಲಿಸುವವನು, ವಲಸೆಗಾರರನ್ನು ಅಮಾನುಷವಾಗಿ ನಡೆಸಿಕೊಳ್ಳುವುದನ್ನು ಒಪ್ಪುವವನು ಜೀವಪರನೆನಿಸಿಕೊಳ್ಳುವುದು ಹೇಗೆಂದು ಸಂದೇಹಪಟ್ಟರು. ಎರಡು ಕಡೆಯವರಿಗೂ ರುಚಿಸದ ಮಾತು. ನವೆಂಬರ್ 12ರಂದು ಬಾಲ್ಟಿಮೋರಿನಲ್ಲಿ ಕೂಡಿದ ಬಿಷಪ್ಪರುಗಳು ವಿವೇಚನೆಯಿಲ್ಲದ ಸಾಮೂಹಿಕ ಗಡೀಪಾರನ್ನು ವಿರೋಧಿಸಿ ವಿಶೇಷ ಸಂದೇಶವೊಂದನ್ನು 216 ಮತಗಳಿಂದ ಅಂಗೀಕರಿಸಿದರು. ವಿರೋಧವಾಗಿ ಬಿದ್ದದ್ದು ಐದು, ತಟಸ್ಥರು ಮೂವರು. ಅನೇಕ ವಿಷಯಗಳಲ್ಲಿ ಎರಡು ಬಣವಾಗಿ ಸೆಣಸುವ ಸಭೆಯಲ್ಲಿ ಇಂಥ ಒಮ್ಮತ ಅಪರೂಪ.

ಸಂದೇಶ ಬರೆದದ್ದಾಯಿತು, ಖರ್ಚಿನ ಮಾತೊಂದು ಉಳಿದಿದೆ. ನಿರಾಶ್ರಿತರನ್ನು ನೆಲೆಗೊಳಿಸುವ ಕೆಲಸದಲ್ಲಿ ಅಮೆರಿಕದ ಬಿಷಪ್ಪರ ಸಂಘ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಸರಕಾರದ ಜೊತೆಗೂಡಿತ್ತು. ಹಣದ ಬಹುಭಾಗ ಸರಕಾರದ್ದು, ಛತ್ರ ಇವರದು. ಬಿಷಪ್ಪರಿಗೆ ಚಿಂತೆಯಿರುವುದು ಬಡವರದೋ ಬೊಕ್ಕಸದ್ದೋ ಎಂದು ಉಪಾಧ್ಯಕ್ಷರು ಕುಟುಕಿದ್ದೂ ಉಂಟು. ಬರುವ ಹಣ ಖರ್ಚಿಗೂ ಸಾಲದೆಂದು ಬಿಷಪ್ಪರು ಉತ್ತರವಿತ್ತರು. 2025ರ ಆರಂಭದಲ್ಲಿ ಹಣ ನಿಂತಿತು. ಫೆಬ್ರವರಿಯಲ್ಲಿ ಸಂಘ ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ಆ ಒಪ್ಪಂದಗಳನ್ನು ಇನ್ನು ಮುಂದುವರಿಸುವುದಿಲ್ಲವೆಂದು ಪ್ರಕಟಿಸಿತು. ಸಮಾರ್ಯದವನ ಕಥೆಯ ಕೊನೆಯ ವಾಕ್ಯವೂ ಹಣಕ್ಕೆ ಸಂಬಂಧಿಸಿದ್ದೇ. ಅವನು ಮರುದಿನ ಛತ್ರದವನ ಕೈಯಲ್ಲಿ ಎರಡು ದಿನಾರಿಗಳನ್ನಿಟ್ಟನು – ಅಂದಿನ ಲೆಕ್ಕದಲ್ಲಿ ಎರಡು ದಿನದ ಕೂಲಿ. ಹೆಚ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಹೇಳಿ ತನ್ನ ಕೆಲಸದ ಮೇಲೆ ಹೊರಟುಹೋದನು. ಅವನು ಪ್ರಯಾಣವನ್ನು ಬಿಡಲಿಲ್ಲ, ಮನೆಮಾರು ಮಾರಲಿಲ್ಲ. ಅವನು ಮರಳಿ ಬರುವ ಹೊತ್ತಿಗೆ ಛತ್ರದ ಬಾಕಿ ಎಷ್ಟಾಗಿತ್ತೆಂಬುದನ್ನು ಲೂಕನು ಬರೆದಿಲ್ಲ.